ಟ್ರಿಗರ್‌ಗೆ ಅರ ಮುಟ್ಟಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಗದ್ದೆಗಳಲ್ಲಿ ನಾಟಿ ಮುಗಿಯುತ್ತಾ ಬಂದಿದೆ, ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರವಾಗಿದೆ. ಸೆಪ್ಟೆಂಬರ್ 3ರಂದು ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಅದರ ಹಿಂದೆಯೇ ಊರೂರಿನ ಮೈದಾನಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಈ ಸಮಯಕ್ಕೆ ನನ್ನ ಬಳಿ ಬರುವ ಹುಡುಗರೆಲ್ಲರದೂ ಒಂದೇ ಪ್ರಶ್ನೆ: "ಅಣ್ಣಾ, ಟ್ರಿಗರ್ ತುಂಬಾ ಗಟ್ಟಿ. ಮನೆಯಲ್ಲೇ ಸ್ವಲ್ಪ ಉಜ್ಜಿ ಹಗುರ ಮಾಡಿಕೊಳ್ಳಲೇ?"

ಬೇಡ. ಟ್ರಿಗರ್‌ಗೆ ಅರ ಮುಟ್ಟಿಸಬೇಡಿ. ಉಪ್ಪುಕಾಗದವನ್ನೂ ಮುಟ್ಟಿಸಬೇಡಿ.

ಕಾರಣ ಕೇಳಿ. ತೋಟಾಕ್ಕೆ ಬಡಿದು ಗುಂಡು ಹಾರಿಸುವುದು ಒಂದು ಸೂಜಿ. ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ನುಗ್ಗಲು ಸಿದ್ಧವಾಗಿರುವ ಆ ಸೂಜಿಯನ್ನು ಸಿಯರ್ ಎಂಬ ಪುಟ್ಟ ಉಕ್ಕಿನ ಕೊಕ್ಕೆ ತಡೆದು ಹಿಡಿದಿರುತ್ತದೆ. ನೀವು ಟ್ರಿಗರ್ ಎಳೆದಾಗ ಆ ಕೊಕ್ಕೆ ಸರಿಯುತ್ತದೆ, ಅಷ್ಟೇ. ಅನೇಕ ರೈಫಲ್‌ಗಳಲ್ಲಿ ಅದು ಹಿಡಿದುಕೊಂಡಿರುವ ಅಂಚು ಒಂದು ಮಿಲಿಮೀಟರೂ ಇರುವುದಿಲ್ಲ. ಹಳೆಯ ರೈಫಲ್‌ಗಳಲ್ಲಿ ಆ ಅಂಚಿನ ಮೇಲ್ಪದರ ಮಾತ್ರ ಗಟ್ಟಿ, ಒಳಗಿನ ಲೋಹ ಮೆದು. ಉಜ್ಜಿದರೆ ಗಟ್ಟಿ ಪದರ ಹೋಯಿತು. ಮೊದಲ ದಿನ ಟ್ರಿಗರ್ ಹಿತವಾಗಿಯೇ ಬರುತ್ತದೆ. ಆಮೇಲೆ ಅಂಚು ಸವೆದು, ಬೆರಳು ಸೋಕದಿದ್ದರೂ ಜಾರುತ್ತದೆ.

ವಿರಾಜಪೇಟೆ ಕಡೆಯ ಹುಡುಗನೊಬ್ಬ ತಾತನ ಕಾಲದ .22 ರೈಫಲ್ ತಂದಿದ್ದ. ಜೊತೆಗೆ ಅವನ ತಾಯಿಯೂ ಬಂದಿದ್ದರು. "ನೋಡಿ ಅಣ್ಣಾ, ನಾನೇ ಉಜ್ಜಿದ್ದು. ಎಷ್ಟು ನಯವಾಗಿದೆ!" ಎಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟ. ತೋಟಾ ಕೂರುವ ಜಾಗವನ್ನು ಮುಚ್ಚುವ ಬೋಲ್ಟ್ ತೆರೆದು ನೋಡಿದೆ, ಬೆರಳು ಹಾಕಿಯೂ ನೋಡಿದೆ, ಖಾಲಿ. ಬೋಲ್ಟ್ ಮುಚ್ಚಿ, ನಳಿಗೆಯನ್ನು ಮೇಲಕ್ಕೆ ಮಾಡಿ, ಮರದ ಬುಡವನ್ನು ರಬ್ಬರ್ ಚಾಪೆಗೆ ಮೆಲ್ಲಗೆ ತಟ್ಟಿದೆ. ಟಕ್! ಟ್ರಿಗರ್ ಹತ್ತಿರ ಯಾರ ಬೆರಳೂ ಇರಲಿಲ್ಲ. ಹುಡುಗನಿಗೆ ನಂಬಿಕೆ ಬರಲಿಲ್ಲ. "ಇನ್ನೊಮ್ಮೆ ಮಾಡಿ" ಎಂದ. ಮತ್ತೆ ಟಕ್. ಮೂರನೆಯ ಸಲ ತಟ್ಟುವ ಅಗತ್ಯವೂ ಬೀಳಲಿಲ್ಲ, ಬೋಲ್ಟನ್ನು ಸ್ವಲ್ಪ ಜೋರಾಗಿ ಮುಚ್ಚಿದ್ದಕ್ಕೇ ಸೂಜಿ ಹಾರಿತು. ಆಗ ತಾಯಿ ಅವನನ್ನೇ ಕೇಳಿದರು: "ಮೈದಾನದಲ್ಲಿ ನಿನ್ನ ಪಕ್ಕಕ್ಕೇ ಮಕ್ಕಳು ನಿಂತು ನೋಡುತ್ತಾರಲ್ಲ, ಅದು ನೆನಪಿತ್ತಾ?" ಸಿಯರ್ ಬದಲಿಸುವವರೆಗೆ ಅದಕ್ಕೆ ತೋಟಾ ತುಂಬಕೂಡದು ಎಂದೆ. ಅಷ್ಟು ಹಳೆಯ ಮಾದರಿಗೆ ಬಿಡಿಭಾಗ ಎಲ್ಲಿ ಹುಡುಕುವುದು? ಆ ವರ್ಷ ರೈಫಲ್ ಪೂಜೆಗೆ ಇತ್ತು, ಸ್ಪರ್ಧೆಗೆ ಇರಲಿಲ್ಲ.

"ಒಲಿಂಪಿಕ್ಸ್‌ನವರ ಟ್ರಿಗರ್ ಅಷ್ಟು ಹಗುರವಲ್ಲವೇ?" ಎಂದು ವಾದಿಸುವವರಿದ್ದಾರೆ. ಹೌದು, ಹಗುರ. ಅವರ 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದಕ್ಕೇ ಆ ಟ್ರಿಗರನ್ನು ಕಾರ್ಖಾನೆಯಲ್ಲೇ ಹಾಗೆ ರೂಪಿಸಿ, ಹೊಂದಿಸಲು ತಿರುಪು ಕೊಟ್ಟಿರುತ್ತಾರೆ. ಅರದಿಂದ ಅದು ಬರುವುದಿಲ್ಲ, ದಯವಿಟ್ಟು ಅರ್ಥಮಾಡಿಕೊಳ್ಳಿ. ನಿಮ್ಮ ರೈಫಲಿನಲ್ಲಿ ತಿರುಪು ಇದ್ದರೆ ಪರವಾನಗಿ ಪಡೆದ ರಿಪೇರಿಯವರಿಂದ ಹೊಂದಿಸಿಕೊಳ್ಳಿ. ಎಷ್ಟೋ ಸಲ ಮಳೆಗಾಲದ ತೇವಕ್ಕೆ ಹಿಡಿದ ತುಕ್ಕು, ಅಂಟಾದ ಹಳೆಯ ಎಣ್ಣೆ ಇವೇ ಟ್ರಿಗರನ್ನು ಗಟ್ಟಿ ಮಾಡಿರುತ್ತವೆ. ಅವರು ಬಿಚ್ಚಿ ತೊಳೆದುಕೊಟ್ಟರೆ ಸಾಕಾಗುತ್ತದೆ.

ಮನೆಯಲ್ಲಿ ತಿದ್ದಬೇಕಾದದ್ದು ಬೆರಳನ್ನು. ನಳಿಗೆಯ ಮೇಲೆ ಗುರಿ ನೋಡಲು ಇರುವ ಹಿಂದಿನ, ಮುಂದಿನ ಎರಡು ಸೈಟ್‌ಗಳ ನಡುವೆ 65 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಎಳೆಯುವ ರಭಸಕ್ಕೆ ಮುಂದಿನ ಸೈಟ್ ಒಂದೇ ಮಿಲಿಮೀಟರ್ ಸರಿದರೆ 50 ಮೀಟರ್ ದೂರದಲ್ಲಿ ಗುಂಡು ಏಳೆಂಟು ಸೆಂಟಿಮೀಟರ್ ಆಚೆ ಹೋಗುತ್ತದೆ, ಕಾಯಿ ತಪ್ಪಿತು. ರೆಂಬೆ ಅಲುಗದಂತೆ ಕಾಫಿ ಹಣ್ಣು ಬಿಡಿಸುತ್ತೀರಲ್ಲ, ಬೆರಳು ಹಾಗೆ ಕೆಲಸ ಮಾಡಬೇಕು.

ಸಮಯ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಬೋಲ್ಟ್ ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ಆಚೆ ಯಾರೂ ಓಡಾಡದ ಗಟ್ಟಿ ಗೋಡೆಯ ಕಡೆ ಗುರಿ ಹಿಡಿದು, ಸೈಟ್ ಕದಲದಂತೆ ಟ್ರಿಗರ್ ಎಳೆಯುವುದನ್ನು ದಿನವೂ ಹತ್ತು ನಿಮಿಷ ಅಭ್ಯಾಸ ಮಾಡಿ. .22 ರೈಫಲ್ ಆದರೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ, ಇಲ್ಲದಿದ್ದರೆ ಸೂಜಿ ನಳಿಗೆಯ ಅಂಚಿಗೆ ಬಡಿದು ಹಾಳಾಗುತ್ತದೆ. ಸ್ಪ್ರಿಂಗ್ ಏರ್‌ಗನ್ನನ್ನು ಮಾತ್ರ ಖಾಲಿ ಹೊಡೆಯಬೇಡಿ, ಅದರ ಪಿಸ್ಟನ್ ಕೆಡುತ್ತದೆ. ಆ ಅರವನ್ನು ಕತ್ತಿ ಮಸೆಯಲು ಇಟ್ಟುಕೊಳ್ಳಿ. ನಮಸ್ಕಾರ.