ಕ್ಲಿಪ್ ಹಾಕಿದ ಹಲ್ಲಿನ ಬೇರು ಸವೀತೈತಿ: ಗೊತ್ತಾಗೂದು ಯಾವಾಗ?

(ತೆರೆ ಮ್ಯಾಲೆ: ಮ್ಯಾಲಿನ ಮುಂದಿನ ನಾಕು ಹಲ್ಲಿನ ಎರಡು ಎಕ್ಸ್‌ರೇ, ಅಕ್ಕಪಕ್ಕ)

ಬಾಗಲಕೋಟೆಯಿಂದ ನಮಸ್ಕಾರ್ರೀ. ಈ ಎರಡೂ ಒಂದ ಬಾಯಿದು ನೋಡ್ರಿ. ಎಡಕ್ಕಿರೂದು ಕ್ಲಿಪ್ ಹಾಕೂಕಿಂತ ಮೊದಲಿಂದು, ಬಲಕ್ಕಿರೂದು ಹಾಕಿದ ಮ್ಯಾಲಿಂದು. ನಡುವಿನ ಹಲ್ಲಿನ ಬಾಜೂಕಿನ ಹಲ್ಲು ನೋಡ್ರಿ. ಬೇರಿನ ತುದಿ ಚೂಪಿತ್ತು, ಈಗ ಮೊಂಡಾಗೇತಿ. ಬ್ಯಾನಿ ಇಲ್ಲ, ಅಳ್ಳಾಡೂದೂ ಇಲ್ಲ. ಎಕ್ಸ್‌ರೇ ತಗೀದಿದ್ರ ಗೊತ್ತ ಆಗತಿರಲಿಲ್ಲ.

(ಚಿತ್ರ: ಬೇರು, ಪೊರಿ, ಎಲುಬು)

ಬೇರಿಗೂ ದವಡಿ ಎಲುಬಿಗೂ ನಡುವ ಒಂದು ತೆಳು ಪೊರಿ ಐತಿ. ತಂತಿ ಜಗ್ಗಿದಾಗ ಒತ್ತು ಬಿದ್ದ ಕಡೆ ಪೊರಿಗೆ ರಕ್ತ ಸಾಲದ ಅಲ್ಲಿನ ಜೀವಕೋಶ ಸಾಯತಾವು. ಆ ಸತ್ತದ್ದನ್ನ ತೆಗಿಯಾಕ ಬಂದ ಕೋಶಗಳು ಬೇರಿನ ಮ್ಯಾಲಿನ ಸಿಮೆಂಟಮ್ ಪದರಾನೂ ಕೆರೀತಾವು. ಸಣ್ಣ ಗುಳಿ ಆಮ್ಯಾಲೆ ತುಂಬಕೊಂತಾವು. ತುದೀನ ಹೋತಂದ್ರ ಆ ಉದ್ದ ವಾಪಸ್ ಬರೂದಿಲ್ಲ. ಬಹಳ ಮಂದಿಗೆ ಇದು 2 ಮಿಲಿಮೀಟರಿನ ಒಳಗ. ಬೇರಿನ ಮೂರನೇ ಒಂದು ಪಾಲು ಹೋಗೂದು ಅಪರೂಪ.

ಯಾರಿಗೆ ಆಗತೈತಿ ಅಂತ ಮೊದಲ ದಿನಾನ ಹೇಳಬಹುದೇನು? ಅಂದಾಜು ಹೇಳಬಹುದು. ಬೇರಿನ ತುದಿ ಡ್ರಾಪರ್ ಮೂತಿ ಹಂಗ ಸಣ್ಣಾಗಿದ್ರ ಇಲ್ಲಾ ಸೊಟ್ಟಿದ್ರ, ಹಲ್ಲಿಗೆ ಹಿಂದ ಪೆಟ್ಟು ಬಿದ್ದಿದ್ರ, ಹಲ್ಲು ಕಿತ್ತು ಮುಂದಿನವನ್ನ ಬಹಳ ದೂರ ಹಿಂದಕ ತರೂದಿದ್ರ, ಚಿಕಿತ್ಸೆ ವರ್ಷಗಟ್ಟಲೆ ಎಳದ್ರ ಹುಷಾರಿರಬೇಕು. ಮನೆತನದ ಗುಣಾನೂ ಇದರಾಗ ಐತಿ. ಕಂಪ್ಯೂಟರ್ ಕೈಲಿ ಲೆಕ್ಕ ಹಾಕಸೂ ಪ್ರಯತ್ನಾನೂ ನಡದಾವು. ಆದ್ರ ಇವೆಲ್ಲಾಕಿಂತ ನಾ ನಂಬೂದು ಒಂದು ಸಾದಾ ಎಕ್ಸ್‌ರೇನ.

1988ರಾಗ ಸ್ವೀಡನ್ನಿನ ಲೆವಾಂಡರ್, ಮಾಲ್ಮ್‌ಗ್ರೆನ್ ಅನ್ನೋರು ಕ್ಲಿಪ್ ಹಾಕಿ 6ರಿಂದ 9 ತಿಂಗಳಿಗೆ ಮುಂದಿನ ಹಲ್ಲಿನ ಎಕ್ಸ್‌ರೇ ನೋಡಿದ್ರು. ಅಷ್ಟೊತ್ತಿಗೆ ಬೇರು ಸವೀಲಾರದವರಿಗೆ ಕಡೀಕ ಭಾಳ ಸವಿಯೂದು ಕಡಿಮಿ. ಆಗಲೇ ಸವಿದವರಿಗೆ ಮುಂದ ಅಪಾಯ ಜಾಸ್ತಿ. ಹಂಗ ಕಂಡ್ರ 2–3 ತಿಂಗಳು ಜಗ್ಗೂದು ನಿಲ್ಲಿಸಿ ಬೇರಿಗೆ ಬಿಡುವು ಕೊಡತೀವಿ. ಬಿಡುವು ಕೊಟ್ಟವರಿಗೆ ಸವೆತ ಕಡಿಮಿ ಆತು ಅಂತ ಅವರದ ತಂಡ 1994ರಾಗ ತೋರಿಸೇತಿ.

ಕಿರಿಕಿರಿ ಸುರು ಆಗೂದು ಇಲ್ಲೇ ನೋಡ್ರಿ. "ಸರ್, ಬ್ಯಾಸಗ್ಯಾಗ ಅಕ್ಕನ ಮದವಿ ಐತ್ರಿ, ಸ್ವಲ್ಪ ಬಿಗಿ ಮಾಡ್ರಿ, ಜಲ್ದಿ ಮುಗೀಲಿ." ಮುಧೋಳ, ಜಮಖಂಡಿ ಕಡೆಯಿಂದ ಬಸ್ಸಿಗೆ ಬರೋರು, "ಮತ್ತ ಎಕ್ಸ್‌ರೇ ಯಾಕ್ರಿ, ಮೊದಲ ತಗದೀರಲ್ಲ?" ಅಂತಾರ. ಮೊದಲ ತಗದದ್ದು ಇಡೀ ದವಡಿದು. ಅದರಾಗ ಮುಂದಿನ ಹಲ್ಲು ಮಸಕಾಗಿ ಬೀಳತಾವು. ಬೇರಿನ ತುದಿ ಕಾಣಾಕ ಬಾಯಾಗಿಟ್ಟು ತಗಿಯೂ ಸಣ್ಣ ಎಕ್ಸ್‌ರೇನ ಬೇಕು. ಹಳೇ ಎಕ್ಸ್‌ರೇ ಒಗೀಬ್ಯಾಡ್ರಿ, ಅದಿಲ್ಲದ ಹೊಸಾದು ಯಾವುದಕ್ಕ ಹೋಲಿಸೂದು?

ಬೇರು ಸವದದ್ದು ಗೊತ್ತಾದ್ರ ಗಾಬರಿ ಆಗಬ್ಯಾಡ್ರಿ. ಕ್ಲಿಪ್ ತಗದ ಮ್ಯಾಲೆ ಸಾಮಾನ್ಯವಾಗಿ ಸವೆತ ನಿಂದ್ರತೈತಿ, ಹಲ್ಲು ವರ್ಷಾನುಗಟ್ಟಲೆ ಇರತೈತಿ. ಆದ್ರ ಬೇರು ಗಿಡ್ಡಾದವರ ವಸಡ್ಯಾಗ ರಕ್ತ ಬಂದ್ರ, ಮಾರನೇ ವಾರ ತೋರಿಸಿದ್ರಾತು ಅನಬ್ಯಾಡ್ರಿ.