ಹೋಗುವುದಲ್ಲ, ವಾಪಸ್ ಬರುವುದು

ಕೇಳುಗರಿಗೆ ನಮಸ್ಕಾರ. ಡೇರಿಗೆ ಹಾಲು ಹಾಕಿ ಬಂದು ರೇಡಿಯೋ ಹಚ್ಚಿರುತ್ತೀರಿ. ಮನೆಯಲ್ಲಿ ಮಕ್ಕಳಿದ್ದರೆ ಹತ್ತಿರ ಕರೆಯಿರಿ.

ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ದೊಡ್ಡ ಡಿಶ್‌ಗಳನ್ನು ನೋಡಿದ್ದೀರಿ, ಅಲ್ವಾ? ಅವು ಮಾತಾಡಿಸುವ ಉಪಗ್ರಹಗಳು 36,000 ಕಿಲೋಮೀಟರ್ ಮೇಲಿವೆ. ಆದರೆ ಬಾಹ್ಯಾಕಾಶ 100 ಕಿಲೋಮೀಟರಿಗೇ ಶುರು. ನಮ್ಮೂರಿಂದ ಮೈಸೂರಿನಷ್ಟೂ ದೂರವಿಲ್ಲ! ಅಷ್ಟು ಎತ್ತರಕ್ಕೆ ಮನುಷ್ಯರನ್ನು ಹತ್ತಿಸಲು 2004ರವರೆಗೆ ಸರ್ಕಾರಗಳೇ ಬೇಕಾಗಿದ್ದವು.

ಆ ವರ್ಷ ಜೂನ್ 21ರಂದು ಅಮೆರಿಕದ ಮೊಹಾವಿಯಿಂದ ಸ್ಪೇಸ್‌ಶಿಪ್‌ಒನ್ ಅನ್ನುವ ಖಾಸಗಿ ನೌಕೆ ಏರಿತು. ಮಾಡಿದವರು ಬರ್ಟ್ ರುಟಾನ್. ದುಡ್ಡು ಹಾಕಿದವರು ಮೈಕ್ರೋಸಾಫ್ಟ್‌ನ ಪಾಲ್ ಆಲನ್. ಪೈಲಟ್ ಮೈಕ್ ಮೆಲ್ವಿಲ್, ವಯಸ್ಸು 63. ದೊಡ್ಡ ವಿಮಾನವೊಂದು ಅದನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಸುಮಾರು 14 ಕಿಲೋಮೀಟರ್ ಮೇಲೆ ಬಿಟ್ಟಿತು. ಅಲ್ಲಿಂದ ಮುಂದಕ್ಕೆ ರಾಕೆಟ್. ಉರಿದದ್ದು ರಬ್ಬರ್!

ಎಲ್ಲರೂ ಕೇಳುವುದು ಹೇಗೆ ಹೋದರು ಅಂತ. ಹೇಗೆ ಬಂದರು ಅಂತ ಕೇಳಿ. ಕಲ್ಪನಾ ಚಾವ್ಲಾ ನೆನಪಿದ್ದಾರಲ್ಲ? 2003ರಲ್ಲಿ ಅವರನ್ನು ಕಳೆದುಕೊಂಡದ್ದು ವಾಪಸ್ ಬರುವಾಗ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು, "ಸಾರ್, ನೌಕೆ ಬೀಳುವಾಗ ಮಗುಚಿಕೊಂಡರೆ?" ನಾನು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಆಟದ ಕೋಣೆಯಿಂದ ಶಟಲ್ ಕಾಕ್ ತರಿಸಿ, ಇಡೀ ಕ್ಲಾಸನ್ನು ಎರಡನೇ ಮಹಡಿಗೆ ಕರೆದುಕೊಂಡು ಹೋದೆ. "ಗರಿ ಕೆಳಗೆ ಮಾಡಿ ಬಿಡಮ್ಮ" ಅಂದೆ. ಬಿಟ್ಟಳು. ಅರ್ಧ ದಾರಿಯಲ್ಲೇ ತಿರುಗಿಕೊಂಡು, ಬಿರಡೆ ಕೆಳಗಾಗಿ ಅಂಗಳಕ್ಕೆ ಬಿತ್ತು. ಅಡ್ಡ ಬಿಟ್ಟಳು, ಅದೇ. ಸುತ್ತಿಸಿ ಎಸೆದಳು, ಅದೇ. ಕೆಳಗಿದ್ದ ಅಟೆಂಡರ್ ಹೆಕ್ಕಿ ಹೆಕ್ಕಿ ಮೇಲಕ್ಕೆ ಎಸೆದರು. ಬೆಲ್ ಹೊಡೆದರೂ ಯಾರೂ ಕದಲಲಿಲ್ಲ.

ರುಟಾನ್ ಮಾಡಿದ್ದು ಇದನ್ನೇ. ರೆಕ್ಕೆಯ ಹಿಂಭಾಗಕ್ಕೆ ಕೀಲು ಹಾಕಿ, ಬಾಲದ ಸಮೇತ ಮೇಲಕ್ಕೆ ಮಡಚಿದರು. ನೌಕೆ ಕಾಕ್‌ನ ಹಾಗೆ ತಾನೇ ಸರಿಯಾಗಿ ನಿಂತು, ತೆಳುಗಾಳಿಯಲ್ಲೇ ವೇಗ ಕಳೆದುಕೊಂಡಿತು. ಜಾಸ್ತಿ ಬಿಸಿಯಾಗಲಿಲ್ಲ. ಆಮೇಲೆ ಮಡಚಿದ ರೆಕ್ಕೆಯನ್ನು ಮತ್ತೆ ನೇರ ಮಾಡಿ, ತೇಲಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು.

ಶ್ರೀಮಂತರ ಮೋಜು ಅಂತ ಸುಮ್ನೆ ತಳ್ಳಿಹಾಕಬೇಡಿ. ಒಂದೇ ನೌಕೆ ಎರಡು ವಾರದೊಳಗೆ ಎರಡು ಸಲ ಹೋಗಿ ಬಂದರೆ 1 ಕೋಟಿ ಡಾಲರ್ ಬಹುಮಾನವಿತ್ತು. ಸೆಪ್ಟೆಂಬರ್ 29ಕ್ಕೆ ಒಮ್ಮೆ, ಅಕ್ಟೋಬರ್ 4ಕ್ಕೆ ಇನ್ನೊಮ್ಮೆ ಹೋಗಿ ಬಂತು, ಗೆದ್ದಿತು. ಎರಡು ಸಲವೂ ವಾಪಸ್ ಬಂತು, ನೋಡಿ!

ಸಮಯವಾಯಿತಂತೆ. ಮಕ್ಕಳೇ, ನಾಳೆ ಒಂದು ಕಾಕ್ ಹುಡುಕಿ, ಗರಿ ಕೆಳಗೆ ಮಾಡಿ ಮೇಲಿಂದ ಬಿಡಿ. ದೊಡ್ಡವರು ಜೊತೆಗಿರಲಿ. ನಮಸ್ಕಾರ.