ಬೆರಳು ಜೋಮು, ಆದರೂ ಕೈ ಆಡುತ್ತದೆ: ಮುಂಗೈಯೊಳಗಿನ ಕೊಂಡಿ

[ದೃಶ್ಯ: ಮಗ್ಗದ ಮೇಲೆ ಇಳಕಲ್ ಸೀರೆ, ಒಡಲು-ಸೆರಗು ಸೇರುವ ಜಾಗ]

ನಮಸ್ಕಾರ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಸಿಕ್ಕಿಸಿ ಸೇರಿಸುತ್ತಾರೆ. ಅದೇ ಕೊಂಡಿ. ಬಾಗಲಕೋಟೆ ಕಡೆಯವರಿಗೆ ಇದೇನು ಹೊಸದಲ್ಲ, ಅಲ್ವಾ? ಇಂಥ ಒಂದು ಕೊಂಡಿ ಕೆಲವರ ಮುಂಗೈಯೊಳಗೂ, ಅಂದರೆ ಮೊಣಕೈ-ಮಣಿಕಟ್ಟಿನ ನಡುವೆಯೂ, ಇರುತ್ತದೆ.

[ದೃಶ್ಯ: ಮುಂಗೈ ಚಿತ್ರ, ಎರಡು ನರ ಎರಡು ಬಣ್ಣದಲ್ಲಿ]

ಬೆರಳು ಮಡಚುವ ಸ್ನಾಯುಗಳು ಮುಂಗೈಯ ಒಳಬದಿಯಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಮೀಡಿಯನ್ ನರದ ಪಾಲು. ಮಣಿಕಟ್ಟನ್ನು ಕಿರುಬೆರಳ ಕಡೆ ಬಾಗಿಸುವ ಸ್ನಾಯು, ಮತ್ತೆ ಉಂಗುರ ಬೆರಳು, ಕಿರುಬೆರಳಿನ ತುದಿ ಮಡಚುವ ಭಾಗ ಕಿರುಬೆರಳ ಬದಿಯಲ್ಲಿ ಇಳಿಯುವ ಅಲ್ನಾರ್ ನರದ್ದು. ಈ ಗಡಿಯೂ ಗಟ್ಟಿಯಲ್ಲ. ಕೆಲವರಲ್ಲಿ ನಡುಬೆರಳಿಗೂ ಅಲ್ನಾರ್ ನರವೇ ಹೋಗುತ್ತದೆ. ಅಂಗೈಯಲ್ಲಿ ಬೆರಳು ಅಗಲಿಸುವ ಸಣ್ಣ ಸ್ನಾಯುಗಳೂ ಅಲ್ನಾರ್ ನರದವೇ.

ಪುಸ್ತಕದ ಚಿತ್ರದಲ್ಲಿ ಈ ಎರಡು ನರ ಮುಂಗೈಯಲ್ಲಿ ಒಂದನ್ನೊಂದು ಮುಟ್ಟುವುದೇ ಇಲ್ಲ. ಆದರೆ ನೂರು ಕೈ ಬಿಡಿಸಿ ನೋಡಿದರೆ ಸುಮಾರು 15-20ರಲ್ಲಿ ಮೀಡಿಯನ್ ನರದಿಂದ ಒಂದು ಎಳೆ ಹೊರಟು, ಓರೆಯಾಗಿ ಇಳಿದು ಅಲ್ನಾರ್ ನರಕ್ಕೆ ಸೇರುತ್ತದೆ. ಇದನ್ನು 1763ರಲ್ಲಿ ಮಾರ್ಟಿನ್, 1870ರಲ್ಲಿ ಗ್ರೂಬರ್ ವಿವರಿಸಿದರು. ಹಾಗಾಗಿ ಮಾರ್ಟಿನ್-ಗ್ರೂಬರ್ ಜೋಡಣೆ ಅನ್ನುತ್ತಾರೆ. ಸೀರೆಯ ಕೊಂಡಿಯಲ್ಲಿ ಎಲ್ಲಾ ಎಳೆ ಸೇರುತ್ತವೆ. ಇಲ್ಲಿ ದಾಟುವುದು ಕೆಲವೇ, ಅದೂ ಸಾಮಾನ್ಯವಾಗಿ ಸ್ನಾಯು ಆಡಿಸುವ ಎಳೆಗಳು. ಸ್ಪರ್ಶದ ಎಳೆಗಳು ತಮ್ಮ ದಾರಿಯಲ್ಲೇ ಹೋಗುತ್ತವೆ.

[ದೃಶ್ಯ: ಮೊಣಕೈ ಹತ್ತಿರ ಗಾಯದ ರೇಖಾಚಿತ್ರ]

ಈ ಕೊಂಡಿ ಇರುವ ಒಬ್ಬ ನೇಕಾರರಿಗೆ ಮೊಣಕೈ ಹತ್ತಿರ ಗಾಜು ತಾಗಿ ಅಲ್ನಾರ್ ನರ ಪೂರ್ತಿ ತುಂಡಾಗಿದೆ ಅಂದುಕೊಳ್ಳಿ. "ಕಿರುಬೆರಳು ಜೋಮು ಹಿಡದೈತ್ರಿ ಸರ್" ಅನ್ನುತ್ತಾರೆ. ಬೆರಳು ಅಗಲಿಸಿ ಅಂದರೆ ಅಗಲಿಸುತ್ತಾರೆ! ಅಂಗೈಯ ಸ್ನಾಯುಗಳಿಗೆ ಹೋಗುವ ಕೆಲವು ಎಳೆಗಳು ಮೀಡಿಯನ್ ನರದಲ್ಲಿ ಬಂದು, ಗಾಯದ ಕೆಳಗೆ ದಾಟಿಕೊಂಡಿರುತ್ತವೆ. ಇಲ್ಲಿ 'ನರಕ್ಕೇನೂ ಆಗಿಲ್ಲ' ಅಂದುಕೊಂಡು ಸುಮ್ನೆ ಚರ್ಮ ಹೊಲಿದು ಕಳಿಸಿದರೆ, ಮಗ್ಗದ ಮೇಲೆ ಬದುಕುವ ಕೈಗೆ ಎಂಥ ನಷ್ಟ!

ಹಾಗಾಗಿ ಮುಂಗೈಯನ್ನೂ ಕೇಳಬೇಕು. ಈಗ ನೀವೂ ಮಾಡಿ. ಕಿರುಬೆರಳಿನ ನಡುಭಾಗವನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿಯಿರಿ. ತುದಿ ಮಾತ್ರ ಮಡಚಿ. ಈ ನೇಕಾರರಿಗೆ ಸಾಮಾನ್ಯವಾಗಿ ಇದು ಆಗುವುದಿಲ್ಲ. ಜೋಮು ಇದೆ, ತುದಿ ಮಡಚುತ್ತಿಲ್ಲ ಅಂದರೆ, ಬೆರಳು ಅಗಲಿದರೂ ನರ ಸರಿ ಇದೆ ಅಂತ ನಂಬಬೇಡಿ.

[ದೃಶ್ಯ: ನರದ ಕರೆಂಟ್ ಪರೀಕ್ಷೆ]

ನರದ ಪರೀಕ್ಷೆಯಲ್ಲಿ ಇದರ ಉಲ್ಟಾ ಮೋಸ ಆಗಬಹುದು. ಅಲ್ನಾರ್ ನರವನ್ನು ಮಣಿಕಟ್ಟಿನಲ್ಲಿ ಪ್ರಚೋದಿಸಿದರೆ ಅಂಗೈಯ ಸಣ್ಣ ಸ್ನಾಯುವಿನಲ್ಲಿ ಬರುವ ಅಲೆ ದೊಡ್ಡದು, ಮೊಣಕೈಯಲ್ಲಿ ಚಿಕ್ಕದು. ನಡುವೆ ನರ ಕೆಟ್ಟಿದೆ ಅನ್ನಿಸುತ್ತದೆ. ನಿಜಕ್ಕೂ ಕೆಲವು ಎಳೆ ಮೊಣಕೈಯಲ್ಲಿ ಆ ನರದೊಳಗೆ ಇರುವುದೇ ಇಲ್ಲ. ಮೊಣಕೈಯಲ್ಲಿ ಮೀಡಿಯನ್ ನರವನ್ನೂ ಪ್ರಚೋದಿಸಿ, ಅದೇ ಸ್ನಾಯುವಿನಲ್ಲಿ ಅಲೆ ಬರುತ್ತದಾ ನೋಡಿ. ಬಂದರೆ ಕೊಂಡಿ ಸಿಕ್ಕಿತು.

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಮೊದಲ ವರ್ಷ ಎಂಬಿಬಿಎಸ್ ಓದುತ್ತಿರುವವರಿಗೆ ಒಂದು ಮಾತು. ದೇಹದಾನ ಮಾಡಿದವರ ಮುಂಗೈ ಬಿಡಿಸುವಾಗ, ಬೆರಳು ಮಡಚುವ ಮೇಲಿನ ಮತ್ತು ಆಳದ ಸ್ನಾಯುಗಳ ನಡುವೆ ನಿಧಾನವಾಗಿ ನೋಡಿ. ಓರೆಯಾಗಿ ಸಾಗುವ ತೆಳು ಎಳೆ ಕಂಡರೆ ಕೊಬ್ಬು ಅಂತ ಕಿತ್ತು ಹಾಕಬೇಡಿ. ಎರಡೂ ತುದಿ ಹುಡುಕಿ, ಚಿತ್ರ ಬರೆದುಕೊಳ್ಳಿ. ಆಮೇಲೆ ಇನ್ನೊಂದು ಕೈಯನ್ನೂ ಬಿಡಿಸಿ ನೋಡಿ. ಅಲ್ಲಿ ಇಲ್ಲದೆಯೂ ಇರಬಹುದು.